ಮೀನಿನ ಮೂಲ

ಋಷಿಮೂಲವನ್ನೂ ನದೀಮೂಲವನ್ನೂ ಕೇಳಬಾರದೆಂದು ಹಿರಿಯರು ಹೇಳಿದ್ದಾರೆ. ಆದರೆ ಮೀನಿನ ಮೂಲವನ್ನು ಕೇಳದೆ ಗತಿಯಿಲ್ಲವೆಂಬುದು ಮತ್ಸ್ಯವಿಜ್ಞಾನದ ಮಾತು.

ಗಂಗೆಯ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಮೀನುಗಳು ಇಂದು ನಮ್ಮ ನಾಡಿನ ಕೆರೆಗಳಲ್ಲಿಯೂ ಬೆಳೆಯುತ್ತಿವೆ. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತದೆ. ಒಂದೇ ಮನೆಯಲ್ಲಿ ಮೂರು ಒಲೆ, ಜಗಳವಿಲ್ಲ! ಮೂರನ್ನೂ ಒಟ್ಟಿಗೆ ಸಾಕುವ ಪದ್ಧತಿಗೆ ಇದೇ ಆಧಾರ.

ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಮರಿಗಳಿಗಾಗಿ ನದಿಯನ್ನೇ ನಂಬಿಕೊಂಡಿರುವ ಕಷ್ಟ ಕ್ರಮೇಣ ತಪ್ಪಿತು. ಆದರೆ ಹೊಸದೊಂದು ತೊಡಕು ತಲೆಯೆತ್ತಿತು. ಇವುಗಳ ಮೊಟ್ಟೆ ಫಲಿಸುವುದು ದೇಹದ ಹೊರಗೆ, ನೀರಿನಲ್ಲಿ. ಬೇರೆ ಬೇರೆ ಜಾತಿಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಕಾಟ್ಲಾದ ಮೊಟ್ಟೆಗೆ ರೋಹುವಿನ ವೀರ್ಯಾಣು ಸೇರಿಬಿಡಬಹುದು. ಹುಟ್ಟಿದ ಸಂಕರ ಮೀನು ಬಂಜೆಯಲ್ಲ. ಅದರ ಸಂತಾನವೂ ಬೆಳೆಯುತ್ತದೆ. ಬೇಕೆಂದೇ ಮಾಡಿದ ಸಂಕರ ದೋಷವಲ್ಲ. ತಿಳಿಯದೆ ಆದ ಸಂಕರವೇ ಅಪಾಯ. ಅಂಥದನ್ನು ಶುದ್ಧ ಕಾಟ್ಲಾವೆಂದು ಸಾಕಿ ಮತ್ತೆ ಮರಿಮಾಡಿಸಿದರೆ, ಎರಡು ಮೂರು ತಲೆಮಾರಿನಲ್ಲಿ ತಳಿಯೇ ಕಲಬೆರಕೆಯಾಗುತ್ತದೆ. ಆಗ ಮೋರೆ ನೋಡಿ ಕುಲ ಹೇಳುವಂತಿಲ್ಲ.

ಇಲ್ಲಿ ನೆರವಿಗೆ ಬರುವುದು ಡಿ.ಎನ್.ಎ. ಮೀನನ್ನು ಕೊಲ್ಲಬೇಕಾಗಿಲ್ಲ; ರೆಕ್ಕೆಯ ಒಂದು ಚೂರು ಸಾಕು. ಕಾಟ್ಲಾದಲ್ಲಿ ಒಂದು ಬಗೆಯಾಗಿಯೂ ರೋಹುವಿನಲ್ಲಿ ಮತ್ತೊಂದು ಬಗೆಯಾಗಿಯೂ ಇರುವ ಡಿ.ಎನ್.ಎ. ತುಣುಕುಗಳನ್ನು ವಿಜ್ಞಾನಿಗಳು ಗುರುತುಗಳಾಗಿ ಆರಿಸಿಕೊಳ್ಳುತ್ತಾರೆ. ಪ್ರತಿ ಮರಿಯೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿಯನ್ನು ಪಡೆದಿರುತ್ತದೆಯಷ್ಟೆ. ಎರಡೂ ಕಾಟ್ಲಾದವಾದರೆ ಸರಿ. ಒಂದು ಕಾಟ್ಲಾದ್ದು, ಇನ್ನೊಂದು ರೋಹುವಿನದಾದರೆ ಗುಟ್ಟು ರಟ್ಟಾಯಿತು! ಇನ್ನು ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಾತ್ರ ಬರುವುದರಿಂದ, ತಾಯಿ ಯಾವ ಜಾತಿಯವಳೆಂಬುದನ್ನೂ ಅದು ಹೇಳುತ್ತದೆ.

ಒಂದೇ ಗುರುತು ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಸಂಕರ ಮೀನು ಶುದ್ಧ ಕಾಟ್ಲಾದೊಡನೆ ಕೂಡಿ ಮರಿಮಾಡಿತೆನ್ನಿ. ಒಂದೇ ಗುರುತನ್ನು ನೋಡಿದರೆ ಅಂಥ ಮರಿಗಳಲ್ಲಿ ಅರ್ಧದಷ್ಟು ಶುದ್ಧವೆಂದೇ ತೋರುತ್ತವೆ. ಬೇರೆ ಬೇರೆ ವರ್ಣತಂತುಗಳಲ್ಲಿರುವ ಹತ್ತು ಗುರುತುಗಳನ್ನು ನೋಡಿದರೆ, ಹಾಗೆ ಕಣ್ತಪ್ಪಿಸುವುದು ಸರಾಸರಿ 1024ರಲ್ಲಿ ಒಂದು ಮಾತ್ರ.

ಬೆರಳುದ್ದದ ಮರಿಗಳನ್ನು ಕೊಂಡು ಕೆರೆಗೆ ಬಿಡುವ ರೈತ ಈ ಪರೀಕ್ಷೆಯನ್ನು ಮಾಡಲಾರ. ಅವನು ನಂಬಿಕೆಯ ಮೇಲೆ ಹಣ ಕೊಡುತ್ತಾನೆ. ತಿಂಗಳುಗಟ್ಟಲೆ ಮೇವು ಹಾಕುತ್ತಾನೆ. ಮರಿ ಮಾರುವ ಕೇಂದ್ರಗಳು ತಮ್ಮ ತಾಯಿಮೀನು ತಂದೆಮೀನುಗಳನ್ನು ಮೊದಲೇ ಪರೀಕ್ಷಿಸಿಟ್ಟುಕೊಂಡರೆ ಆ ನಂಬಿಕೆ ಉಳಿದೀತು. ಬಿತ್ತಿದ್ದು ಯಾವುದೆಂದು ತಿಳಿಯದವನಿಗೆ ಬೆಳೆಯ ಲೆಕ್ಕ ಸಿಕ್ಕುವುದಾದರೂ ಹೇಗೆ?