ಯಂತ್ರಕ್ಕೆ ಯಾರ ಕನ್ನಡ ಕಲಿಸಬೇಕು?

ಮಾತಿನ ಆದೇಶ ಪಾಲಿಸುವ ಪ್ರೋಗ್ರಾಂ ಬರೆಯುವುದು ಈಗ ದೊಡ್ಡ ವಿದ್ಯೆಯೇನಲ್ಲ. ಪೈಥಾನ್‌ನ ‘ಸ್ಪೀಚ್‌ರೆಕಗ್ನಿಷನ್’ ಎಂಬ ಉಚಿತ ಲೈಬ್ರರಿಗೆ ಭಾಷೆ ಕನ್ನಡ ಎಂದು ತಿಳಿಸಿದರೆ, ಮೈಕಿನಲ್ಲಿ ಆಡಿದ ಮಾತು ಇಂಟರ್‌ನೆಟ್ ಮೂಲಕ ಹೋಗಿ ಕನ್ನಡ ಲಿಪಿಯಲ್ಲಿ ವಾಪಸು ಬರುತ್ತದೆ. ಅಸಲಿ ಕೆಲಸ ಆಮೇಲಿನದು. ಬಂದ ಮಾತಿಗೆ ಏನರ್ಥ ಎಂದು ತೀರ್ಮಾನಿಸುವುದು ಪ್ರೋಗ್ರಾಂ ಬರೆಯುವವರ ಕೈಲಿದೆ.

ಪುಣೆಯ ನಮ್ಮ ಮನೆಯ ಲೈಟು, ಫ್ಯಾನಿಗೆ ಇಂಥದೊಂದನ್ನು ಬರೆದಿದ್ದೇನೆ. ಮಂಡಿನೋವಿನ ಅವ್ವ ರಾತ್ರಿ ಕತ್ತಲಲ್ಲಿ ಸ್ವಿಚ್ ಹುಡುಕಬಾರದು ಎಂಬುದೇ ಉದ್ದೇಶ. ಧಾರವಾಡದ ಅವ್ವ ‘ಲೈಟ್ ಹಚ್ಚು’ ಅನ್ನುತ್ತಾಳೆ. ಮೈಸೂರಿನ ಹೆಂಡತಿಗೆ ಅದು ‘ಲೈಟ್ ಹಾಕು’. ಇಲ್ಲೇ ಬೆಳೆದ ಮಗಳು ಮರಾಠಿ ಬೆರೆಸಿ ‘ಲೈಟ್ ಲಾವ್’ ಅನ್ನುತ್ತಾಳೆ. ಮೂರೂ ನಮ್ಮ ಪಟ್ಟಿಯಲ್ಲಿವೆ.

ಪದ ಸೇರಿಸಿದರಷ್ಟೇ ಮುಗಿಯದು. ‘ಹಾಕ’ ಎಂಬ ಭಾಗವನ್ನಷ್ಟೇ ಹುಡುಕಿದರೆ ‘ಹಾಕಬೇಡ’ ಎಂದಾಗಲೂ ಲೈಟು ಹತ್ತುತ್ತದೆ. ಹಾಗಾಗಿ ‘ಬೇಡ’, ‘ಬ್ಯಾಡ’ಗಳನ್ನು ಮೊದಲು ನೋಡಬೇಕು. ‘ಲೈಟ್‌ಗಳು’ ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಕೂತಿರುತ್ತದೆ. ಅದನ್ನು ತೆಗೆಯದಿದ್ದರೆ ಒಂದೇ ಪದ ಪೈಥಾನ್‌ಗೆ ಎರಡಾಗುತ್ತದೆ.

ಇವೆಲ್ಲ ಸಣ್ಣ ತಿದ್ದುಪಡಿಗಳೇ. ಆದರೆ ಪಟ್ಟಿಯಲ್ಲಿ ಪುಸ್ತಕದ ಕನ್ನಡವಷ್ಟೇ ಇದ್ದರೆ, ‘ದೀಪವನ್ನು ಬೆಳಗಿಸು’ ಎಂದು ನಮ್ಮ ಮನೆಯಲ್ಲಿ ಯಾರೂ ಆಡದ ಮಾತನ್ನು ಅವ್ವ ಬಾಯಿಪಾಠ ಮಾಡಬೇಕು. ತರಕಾರಿಯವನ ಹತ್ತಿರ ಹಿಂದಿ, ಲಿಫ್ಟಿನಲ್ಲಿ ಮರಾಠಿ ಹುಡುಕಾಡುವವಳು ಮನೆಯೊಳಗೂ ತನ್ನ ಮಾತು ಬದಲಿಸಬೇಕೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ 9 ಭಾಷೆಗಳಲ್ಲಿ ಉಪಭಾಷೆಗಳ ಮಾತನ್ನೂ ಸಂಗ್ರಹಿಸಿದೆ. ಐಐಟಿ ಮದ್ರಾಸಿನ ‘ಎಐ4ಭಾರತ್’ ಭಾರತೀಯ ಭಾಷೆಗಳಿಗೆ ಮುಕ್ತ ಮಾದರಿಗಳನ್ನು ಕೊಡುತ್ತಿದೆ. ಮಾತನ್ನು ಗುರುತಿಸುವ ಕೆಲಸ ಇವುಗಳಿಂದ ಸುಧಾರಿಸೀತು. ಆದರೆ ನಮ್ಮ ಅಡುಗೆಮನೆಯಲ್ಲಿ ಯಾವ ಮಾತಿಗೆ ಯಾವ ಕೆಲಸ ಎಂದು ಯಾವ ಸಂಸ್ಥೆಯೂ ಬಂದು ಬರೆದುಕೊಡುವುದಿಲ್ಲ.

ಈ ಕೆಲಸಕ್ಕೆ ಹೊರನಾಡ ಕನ್ನಡಿಗರೇ ಸರಿಯಾದವರು ಎಂಬುದು ನನ್ನ ಅಭಿಪ್ರಾಯ. ಊರಲ್ಲಿ ಒಂದು ಮನೆಗೆ ಒಂದೇ ಕನ್ನಡ ಸಾಕಾಗಬಹುದು. ಇಲ್ಲಿ ಕಲಬುರಗಿ, ಕುಂದಾಪುರ, ಮಂಡ್ಯದ ಮಾತುಗಳು ಒಂದೇ ಅಪಾರ್ಟ್‌ಮೆಂಟಿನಲ್ಲಿ ಸಿಗುತ್ತವೆ. ನಮ್ಮಲ್ಲಿ ಪೈಥಾನ್ ಬಲ್ಲವರಿಗೂ ಬರವಿಲ್ಲ. ಒಂದು ಭಾನುವಾರ ಕೂತು ಮನೆಯ ಹಿರಿಯರು ದಿನವೂ ಆಡುವ ಇಪ್ಪತ್ತು ಮಾತು ಬರೆದುಕೊಳ್ಳಿ, ನಿಮ್ಮ ಪ್ರೋಗ್ರಾಂಗೆ ಸೇರಿಸಿ, ಬೇರೆಯವರೂ ಬಳಸುವಂತೆ ಮುಕ್ತವಾಗಿಡಿ. ಯಂತ್ರವನ್ನು ತಿದ್ದುವುದು ಸುಲಭ. ಎಪ್ಪತ್ತರ ಅವ್ವನ ನಾಲಿಗೆಯನ್ನು ತಿದ್ದಲು ಹೋಗುವುದು ಬೇಡ.