ಬಸ್ ನಿಲ್ದಾಣದಲ್ಲಿ ಫೋನ್ ಚಾರ್ಜ್‌ಗೆ ಹಾಕಿದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ?

ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್‌ಗಳ ಯುಎಸ್‌ಬಿ ಪಾಯಿಂಟ್‌ಗೆ ಫೋನ್ ಸಿಕ್ಕಿಸಿದ ಕ್ಷಣವೇ ಖಾತೆಯ ಹಣವೆಲ್ಲ ಮಾಯ ಎಂಬ ಸಂದೇಶ ನಮಗೆ ಹಲವು ಗ್ರೂಪ್‌ಗಳಿಂದ ಬಂದಿದೆ. ರಾತ್ರಿ ಹನ್ನೊಂದಕ್ಕೆ ಬ್ಯಾಟರಿ 2% ಇರುವಾಗ ಇದನ್ನು ನಂಬಿ, ಮನೆಗೆ ಕರೆ ಮಾಡಲೂ ಆಗದೆ ಕೂರುವವರಿದ್ದಾರೆ. ಹಾಗಾಗಿ ಇದನ್ನು ವಿವರವಾಗಿ ನೋಡೋಣ.

ಸಂದೇಶ ಪೂರ್ತಿ ಸುಳ್ಳಲ್ಲ. ಯುಎಸ್‌ಬಿ ಕೇಬಲ್‌ನಲ್ಲಿ ಕರೆಂಟ್ ಹರಿಯುವ ತಂತಿಗಳ ಜೊತೆಗೆ ಡೇಟಾ ಸಾಗುವ ತಂತಿಗಳೂ ಇರುತ್ತವೆ. 2011ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್‌ಕಾನ್ ಸಮ್ಮೇಳನದಲ್ಲಿ ಈ ಅಪಾಯವನ್ನು ತೋರಿಸಲೆಂದೇ ಒಂದು ಚಾರ್ಜಿಂಗ್ ಕಿಯೋಸ್ಕ್ ಇಟ್ಟಿದ್ದರು. ಇದಕ್ಕೆ 'ಜ್ಯೂಸ್ ಜಾಕಿಂಗ್' ಎಂದು ಹೆಸರು. ನಮ್ಮ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಎಚ್ಚರಿಕೆಯ ಕಿರುಪುಸ್ತಕದಲ್ಲೂ ಈ ಹೆಸರಿದೆ.

ಆದರೆ ಕೇಬಲ್ ಸಿಕ್ಕಿಸಿದ ಮೇಲೆ ಫೋನ್ ಒಳಗೆ ಏನಾಗುತ್ತದೆ ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಆಂಡ್ರಾಯ್ಡ್‌ನ ತಳಹದಿ ಲಿನಕ್ಸ್. ಏನಾದರೂ ಸಿಕ್ಕಿಸಿದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಒಂದು ಸಣ್ಣ ಸೂಚನೆ ಕಳಿಸುತ್ತದೆ. ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವ ಒಂದು ಸೇವೆ ಅದನ್ನು ಓದಿ, ಮೊದಲೇ ಬರೆದಿಟ್ಟ ನಿಯಮದಂತೆ ನಡೆಯುತ್ತದೆ. ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಈ ಕೆಲಸ 'ಯುಡೆವ್' ಎಂಬ ಸೇವೆಯದು. ಅದರ ನಿಯಮಗಳನ್ನು ಬಳಕೆದಾರರೇ ಬರೆಯಬಹುದು. ಫೋನ್‌ನಲ್ಲಿ ಆ ಕಡತಗಳು ನಮ್ಮ ಕೈಗೆ ಸಿಗುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಕೆಲವು ಸ್ವಿಚ್‌ಗಳಷ್ಟೇ ಸಿಗುತ್ತವೆ.

2015ರ ಆಂಡ್ರಾಯ್ಡ್ 6ರಿಂದ ಇಲ್ಲಿನ ಮೂಲ ನಿಯಮ 'ಚಾರ್ಜ್ ಮಾತ್ರ'. ಫೈಲ್ ಕೊಡಬೇಕಾದರೆ ನೀವೇ ಒಪ್ಪಬೇಕು. ಐಫೋನ್ ಕೂಡ ಈ ಕಂಪ್ಯೂಟರನ್ನು ನಂಬಬಹುದೇ ಎಂದು ಕೇಳುತ್ತದೆ. ಅಕಸ್ಮಾತ್ ಒಪ್ಪಿದರೂ ಹೊರಗಿನವರಿಗೆ ಕಾಣುವುದು ಮುಖ್ಯವಾಗಿ ಫೋಟೊ, ಡೌನ್‌ಲೋಡ್‌ಗಳು. ಯುಪಿಐ ಪಿನ್ ಅಲ್ಲಿರುವುದಿಲ್ಲ. (ಎಟಿಎಂ ಪಿನ್ ಬರೆದ ಚೀಟಿಯ ಫೋಟೊ ಗ್ಯಾಲರಿಯಲ್ಲಿದ್ದರೆ ಮಾತು ಬೇರೆ!)

ಹಾಗಂತ ನಿಶ್ಚಿಂತೆಯಾಗಿರಿ ಎಂದೂ ಹೇಳಲಾರೆವು. ಸಿಕ್ಕಿಸಿದ ವಸ್ತು ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ, ಹಿನ್ನೆಲೆ ಸೇವೆ ಅದನ್ನು ನಂಬುತ್ತದೆ. 2025ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಬಳಸಿದ್ದು ಈ ದೌರ್ಬಲ್ಯವನ್ನೇ. ಅವರ ಚಾರ್ಜರ್ ತನ್ನನ್ನು ಕೀಬೋರ್ಡ್ ಎಂದು ಪರಿಚಯಿಸಿಕೊಂಡು, ನಾವು ಒತ್ತಬೇಕಾದ ಒಪ್ಪಿಗೆಯ ಗುಂಡಿಯನ್ನು ತಾನೇ ಒತ್ತಿತು! ಆಪಲ್ ಮತ್ತು ಗೂಗಲ್ ನಿಯಮ ಬಿಗಿ ಮಾಡಿವೆ: ಐಒಎಸ್ 18.4 ಮತ್ತು ಆಂಡ್ರಾಯ್ಡ್ 15ರಲ್ಲಿ ಒಪ್ಪಿಗೆಗೆ ಪಾಸ್‌ಕೋಡ್ ಅಥವಾ ಬೆರಳಚ್ಚಿನಂಥ ಗುರುತು ಬೇಕು. ಆದರೆ ಎಲ್ಲ ಕಂಪನಿಗಳ ಆಂಡ್ರಾಯ್ಡ್ ಫೋನ್‌ಗಳೂ ಇದನ್ನು ಒಟ್ಟಿಗೆ ಅಳವಡಿಸಿಕೊಂಡಿಲ್ಲ.

'ಡೆವಲಪರ್ ಆಪ್ಷನ್ಸ್' ಎಂಬ ಪಟ್ಟಿಯನ್ನು ನೀವು ಎಂದೂ ತೆರೆದಿಲ್ಲವಾದರೆ ಹಾಗೇ ಬಿಡಿ. ಯಾವುದೋ ವಿಡಿಯೊ ನೋಡಿ ತೆರೆದಿದ್ದರೆ, ಅಲ್ಲಿ 'ಯುಎಸ್‌ಬಿ ಡೀಬಗ್ಗಿಂಗ್' ಆಫ್ ಇರಲಿ, 'ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಷನ್' ಎಂಬಲ್ಲಿ ಡೇಟಾ ಕೊಡದ ಆಯ್ಕೆಯೇ ಇರಲಿ. ಫೋನ್‌ಗೆ ಬರುವ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಿ.

ನಿಲ್ದಾಣದಲ್ಲಿ ಗೋಡೆಯ ಸಾಮಾನ್ಯ ಪ್ಲಗ್ ಪಾಯಿಂಟ್ ಇದ್ದರೆ ನಿಮ್ಮದೇ ಅಡಾಪ್ಟರ್ ಹಾಕಿ. ಅಲ್ಲಿಂದ ಬರುವುದು ಕರೆಂಟ್ ಮಾತ್ರ. ಯುಎಸ್‌ಬಿ ಪಾಯಿಂಟ್ ಒಂದೇ ಗತಿಯಾದರೆ ಸ್ಕ್ರೀನ್ ಲಾಕ್ ಮಾಡಿ ಚಾರ್ಜ್‌ಗೆ ಹಾಕಿ, ತುಂಬುವವರೆಗೆ ಬಳಸಬೇಡಿ. ಬರೀ ಚಾರ್ಜರ್ ಆಗಿರಬೇಕಾದ್ದು ಫೈಲ್‌ಗೆ ಅನುಮತಿ ಕೇಳಿದರೆ ತಕ್ಷಣ ಕೇಬಲ್ ಕಿತ್ತುಬಿಡಿ.