ಒಂದು ಹೋಳು ಮಾವು, ಒಂದು ಗುಟುಕು ಮಾಲ್ಟ್

ಮೇ ತಿಂಗಳಲ್ಲಿ ಅಂಕೋಲೆಯ ಪೇಟೆಗೆ ಹೋದವರಿಗೆ ಒಂದು ದೃಶ್ಯ ಕಾಣಸಿಗುತ್ತದೆ. ಮಾವಿನ ಬುಟ್ಟಿಯ ಎದುರು ಗಿರಾಕಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾನೆ. ಹಣ್ಣನ್ನು ಒತ್ತಿ ನೋಡುವ ಧೈರ್ಯ ಅವನಿಗಿಲ್ಲ. ಒತ್ತಿದರೆ ಮಾರುವವಳ ಬೈಗುಳ ತಪ್ಪಿದ್ದಲ್ಲ. ತೊಟ್ಟಿನ ಕಡೆಯನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದುಕೊಳ್ಳುತ್ತಾನೆ. ಅಷ್ಟರಲ್ಲೇ ಅದು ಕರಿ ಇಶಾಡವೋ ಬಿಳಿ ಇಶಾಡವೋ ಎಂಬುದು ಇತ್ಯರ್ಥವಾಗಿಬಿಡುತ್ತದೆ. ಕರಿ ಇಶಾಡಕ್ಕೆ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಬಿಳಿ ಇಶಾಡಕ್ಕೆ ಸಿಪ್ಪೆ ದಪ್ಪ, ಸಿಹಿ ಒಂದು ಪಟ್ಟು ಕಡಿಮೆ. ಕರಿ ಇಶಾಡಕ್ಕೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದ್ದು 2023ರಲ್ಲಿ. ಅಂಕೋಲೆಯ ಮೂಗುಗಳು ಅದನ್ನು ಗುರುತಿಸಿದ್ದು ಅದಕ್ಕಿಂತ ಎಷ್ಟೋ ತಲೆಮಾರುಗಳ ಹಿಂದೆ!

ಇಷ್ಟು ಸೂಕ್ಷ್ಮವಾದ ಮೂಗು ನಾಲಿಗೆಗಳಿರುವ ಊರಿನಲ್ಲಿ ಮದ್ಯದ ವಿಷಯಕ್ಕೆ ಬಂದರೆ ಮಾತ್ರ ಕೇಳುವ ಪ್ರಶ್ನೆ ಒಂದೇ: ‘ಎಷ್ಟು?’ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಮೂಗು ಮುಚ್ಚಿ ಗಂಟಲಿಗೆ ಸುರಿದು ಮುಖ ಕಿವುಚಿ ಉಪ್ಪಿನಕಾಯಿ ನೆಕ್ಕುವವನಿಗೆ ರುಚಿಯ ಗೊಡವೆ ಯಾಕೆ?

ಆದರೆ ರುಚಿಯ ಗೊಡವೆಗೇ ಬಿದ್ದವರ ಒಂದು ಸಣ್ಣ ಪಂಗಡವೂ ಇದೆ. ಇವರದು ಸಿಂಗಲ್ ಮಾಲ್ಟ್ ಹುಚ್ಚು. ಒಂದೇ ಭಟ್ಟಿಮನೆಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ ವಿಸ್ಕಿ ಇದು. ಬಾರ್ಲಿ ಎಂದರೆ ಬೇರೇನಲ್ಲ, ಜ್ವರ ಬಂದಾಗ ಅಜ್ಜಿ ಗಂಜಿ ಕಾಯಿಸಿ ಕೊಡುತ್ತಿದ್ದ ಜವೆಗೋಧಿಯೇ. ಈ ದೇಶದಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಅಗ್ಗವಾಗಿ ಮಾರಾಟವಾಗುವ ಸರಕಿನಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಮದ್ಯಸಾರ. ಅದಕ್ಕೇ ಯುರೋಪಿನವರು ಅದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ.

ಕಾರವಾರದಲ್ಲಿ ಅಂಥ ಒಬ್ಬ ಹವ್ಯಾಸಿ ಇದ್ದಾನೆ ಎಂದಿಟ್ಟುಕೊಳ್ಳಿ. ಸಂಬಳ ಸಾಧಾರಣ, ಪುಸ್ತಕ ಓದುವ ಚಟ, ಬರೆದಿಡುವ ಚಟ. ಶನಿವಾರ ಸಂಜೆ ಅಂಕೋಲೆಯಿಂದ ಭಾವ ಬರುತ್ತಾನೆ. ಮೇಜಿನ ಮೇಲೆ ಮೂರು ಗ್ಲಾಸು, ಒಂದು ಚಮಚ, ಕುಡಿಯುವ ನೀರು, ಒಂದು ನೋಟುಪುಸ್ತಕ. ಗ್ಲಾಸುಗಳೆಂದರೆ ಅಗಲ ಬಾಯಿಯವಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದು. ವಾಸನೆ ಹೊರಗೆ ಚೆಲ್ಲಿಹೋಗದೆ ಮೂಗಿಗೆ ಬರಲಿ ಎಂದು ಈ ಆಕಾರ. ಪ್ರತಿ ಗ್ಲಾಸಿಗೆ 15 ಮಿಲಿಲೀಟರ್, ಅಂದರೆ ಸಣ್ಣ ಪೆಗ್ಗಿನ ಅರ್ಧ. ಭಾವನ ಮುಖ ಸಣ್ಣದಾಗುತ್ತದೆ.

‘ಎಂತದೋ ಇದು, ತೀರ್ಥ ಕೊಟ್ಟ ಹಾಗೆ?’

‘ತೀರ್ಥವೇ ಭಾವ. ಕುಡೀಬೇಡಿ, ಮೊದಲು ಮೂಸಿ ನೋಡಿ.’

ಮೂಸುವುದಕ್ಕೂ ಒಂದು ಕ್ರಮವಿದೆ. ಮೂಗನ್ನು ಗ್ಲಾಸಿನೊಳಗೆ ತುರುಕಿದರೆ ಮದ್ಯಸಾರದ ಘಾಟು ಹೊಡೆದು ಮೂಗು ಮರಗಟ್ಟುತ್ತದೆ. ಬಾಯಿ ತುಸು ತೆರೆದು, ಗ್ಲಾಸನ್ನು ದೂರದಿಂದ ಮೆಲ್ಲಗೆ ಹತ್ತಿರ ತರಬೇಕು. ಎರಡು ನಿಮಿಷ ಬಿಟ್ಟು ಮತ್ತೆ ಮೂಸಿದರೆ ಮೊದಲಿದ್ದ ವಾಸನೆಯೇ ಬದಲಾಗಿರುತ್ತದೆ.

ಮೊದಲ ಗ್ಲಾಸಿನಲ್ಲಿರುವುದು ಪಾಲ್ ಜಾನ್ ಬ್ರಿಲಿಯನ್ಸ್. ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನವರು ಇದನ್ನು ತಯಾರಿಸುವುದು ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ. ಕಾರವಾರದಿಂದ ಕಾಳಿ ಸೇತುವೆ ದಾಟಿ, ಮಾಜಾಳಿ, ಪೋಳೆಂ, ಕಾಣಕೋಣ ಎಂದು ಉತ್ತರಕ್ಕೆ ಹೋದರೆ ಸಿಗುವ ಊರು ಅದು. ಅಂದರೆ ಈ ವಿಸ್ಕಿ ಮಾಗಿದ್ದು ಕಾರವಾರದ ಹಪ್ಪಳವನ್ನು ಮೆತ್ತಗಾಗಿಸುವ ಅದೇ ಕಡಲ ಗಾಳಿಯಲ್ಲಿ. ಇದರಲ್ಲಿ ಹೊಗೆಯ ವಾಸನೆ ಇಲ್ಲ.

ಎರಡನೆಯದು ಅಮೃತ್ ಫ್ಯೂಶನ್. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ ಅಮೃತ್. ಅವರ ಮಗ ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ, 2004ರ ಆಗಸ್ಟ್‌ನಲ್ಲಿ, ಕಂಪನಿ ತನ್ನ ಮೊದಲ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಮೈಸೂರಿಗೆ ಹೋಗಿ ಮೈಸೂರುಪಾಕ್ ಮಾರಿದಂತೆ. ಇಂಗ್ಲೆಂಡಿನ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತನ್ನ ‘ವಿಸ್ಕಿ ಬೈಬಲ್’ನ 2010ರ ಆವೃತ್ತಿಯಲ್ಲಿ ಫ್ಯೂಶನ್‌ಗೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಕೂರಿಸಿದ ಮೇಲೆ ಊರಿನವರೂ ತಿರುಗಿ ನೋಡಿದರು. ಇದರಲ್ಲಿ ಭಾರತದ ಬಾರ್ಲಿಯ ಜೊತೆಗೆ ಸ್ಕಾಟ್ಲೆಂಡಿನಿಂದ ತರಿಸಿದ ಹೊಗೆ ಹಿಡಿದ ಬಾರ್ಲಿಯೂ ಸೇರಿದೆ.

ಮೂರನೆಯದು ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರಾಯ್ಗ್. 1815ರಲ್ಲಿ ಶುರುವಾದ ಭಟ್ಟಿಮನೆ ಅದು. ಆ ದ್ವೀಪದಲ್ಲಿ ಸೌದೆಗೆ ಬರ. ಜೌಗು ನೆಲದಿಂದ ಅಗೆದು ತೆಗೆದ ಪೀಟ್ ಎಂಬ ಕಪ್ಪು ಹೆಂಟೆಯನ್ನೇ ಉರಿಸಿ, ಅದರ ಹೊಗೆಯಲ್ಲಿ ಬಾರ್ಲಿಯ ಮೊಳಕೆ ಒಣಗಿಸುತ್ತಿದ್ದರು. ಬಡತನಕ್ಕೆ ಹುಟ್ಟಿದ ಪದ್ಧತಿ ಈಗ ಆ ಊರಿನ ಗುರುತಾಗಿದೆ. ಮೂರು ಗ್ಲಾಸುಗಳನ್ನು ಹೊಗೆಯಿಲ್ಲದ್ದು, ತುಸು ಹೊಗೆ, ಪೂರಾ ಹೊಗೆ ಎಂಬ ಕ್ರಮದಲ್ಲೇ ನೋಡಬೇಕು. ಉಲ್ಟಾ ಮಾಡಿದರೆ, ಬಂಗಡೆ ಸಾರು ಉಂಡ ಮೇಲೆ ಪಾಯಸದ ಏಲಕ್ಕಿ ಹುಡುಕಿದಂತಾಗುತ್ತದೆ.

ಇನ್ನು ನೀರು. ನೀರು ಬೆರೆಸಿದರೆ ರುಚಿ ಕೆಡುತ್ತದೆ ಎಂಬ ಮೀಸೆ ತಿರುವುವ ವಾದಕ್ಕೆ ಇಲ್ಲಿ ಬೆಲೆಯಿಲ್ಲ. ವಿಸ್ಕಿಯ ಹೊಗೆ ವಾಸನೆಗೆ ಕಾರಣವಾಗುವ ಗ್ವಾಯಕಾಲ್ ಎಂಬ ಅಂಶ, ನೀರು ಸೇರಿಸಿದಾಗ ದ್ರವದ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದೆ ಎಂದು ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದಾರೆ. ಹೋಲಿಸಿ ನೋಡಬೇಕಾದರಂತೂ ನೀರು ಬೇಕೇ ಬೇಕು. ಫ್ಯೂಶನ್‌ನಲ್ಲಿ ಮದ್ಯಸಾರ ಶೇಕಡಾ 50, ಬ್ರಿಲಿಯನ್ಸ್‌ನಲ್ಲಿ 46. ಎರಡನ್ನೂ 40ಕ್ಕೆ ಇಳಿಸಲು 15 ಮಿಲಿಲೀಟರ್ ಫ್ಯೂಶನ್‌ಗೆ ಮುಕ್ಕಾಲು ಚಿಕ್ಕ ಚಮಚ, ಬ್ರಿಲಿಯನ್ಸ್‌ಗೆ ಅರ್ಧ ಚಿಕ್ಕ ಚಮಚ ನೀರು ಸಾಕು. ಇಲ್ಲವಾದರೆ ಗೆಲ್ಲುವುದು ರುಚಿಯಲ್ಲ, ಘಾಟು.

ನಿಜವಾದ ಪರೀಕ್ಷೆ ಬರುವುದು ನೋಟುಪುಸ್ತಕ ತೆರೆದಾಗ. ಇಂಗ್ಲಿಷ್ ಪುಸ್ತಕಗಳು ಹೇಳುವ ಹೆದರ್ ಹೂವು, ಬ್ಲ್ಯಾಕ್‌ಕರಂಟ್ ಹಣ್ಣು, ಕ್ರಿಸ್‌ಮಸ್ ಕೇಕು ಇವನ್ನೆಲ್ಲ ಕಾರವಾರದ ಹವ್ಯಾಸಿ ಎಲ್ಲಿ ಮೂಸಿದ್ದಾನೆ? ಮೊದಮೊದಲು ಅವನೂ ಆ ಮಾತುಗಳನ್ನೇ ನಕಲು ಮಾಡಿ ಬರೆದ. ಓದಿದರೆ ಬೇರೆ ಯಾರದೋ ಮೂಗು! ಆಮೇಲೆ ಬುದ್ಧಿ ಬಂತು. ಬ್ರಿಲಿಯನ್ಸ್‌ಗೆ ಭಾವ ಹೇಳಿದ್ದು ‘ಜೋನಿ ಬೆಲ್ಲ’. ಸರಿಯೇ, ಪುಸ್ತಕದವರು ಜೇನು ಎಂದದ್ದು ಅದನ್ನೇ. ಫ್ಯೂಶನ್‌ಗೆ ‘ಹಿತ್ತಲಲ್ಲಿ ಗೇರುಬೀಜ ಸುಟ್ಟ ಹಾಗೆ, ಆದರೆ ಪಕ್ಕದ ಮನೆ ಹಿತ್ತಲಲ್ಲಿ’. ಲಫ್ರಾಯ್ಗ್ ಮೂಸಿದವನೇ ಭಾವ ಹಿಂದೆ ಸರಿದ. ‘ಇದು ಆಸ್ಪತ್ರೆ ಮಾರಾಯಾ! ಗಾಯಕ್ಕೆ ಹಚ್ಚುವ ಅಯೋಡಿನ್ನು.’ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿ, ‘ಅಲ್ಲ, ದೋಣಿಗೆ ಡಾಂಬರು ಬಳಿದು ಬಿಸಿಲಿಗೆ ಹಾಕಿದ್ದಾರೆ’ ಎಂದ. ಪುಸ್ತಕಗಳು ಐಲಾದ ವಿಸ್ಕಿಗೆ ಹೇಳುವುದೂ ಇದನ್ನೇ: ಅಯೋಡಿನ್, ಡಾಂಬರು, ಕಡಲಕಳೆ. ಎಲ್ಲೋ ಇರುವ ದ್ವೀಪದ ವಾಸನೆಗೆ ಮಾತು ಸಿಕ್ಕಿದ್ದು ಮೀನುಗಾರರ ದಂಡೆಯಲ್ಲಿ.

ಗ್ಲಾಸಿನೊಳಗಿನ ಈ ವ್ಯತ್ಯಾಸದಲ್ಲಿ ಹವಾಮಾನದ ಕೈವಾಡವೂ ಇದೆ. ಭಟ್ಟಿಯಿಂದ ಇಳಿದಾಗ ವಿಸ್ಕಿಗೆ ಬಣ್ಣವೇ ಇರುವುದಿಲ್ಲ, ನೀರಿನಷ್ಟು ತಿಳಿ. ಬಣ್ಣವೂ ರುಚಿಯ ದೊಡ್ಡ ಪಾಲೂ ಬರುವುದು ಓಕ್ ಪೀಪಾಯಿಯಿಂದ. ಮರದೊಳಗೆ ಇಳಿಯುತ್ತ ಏರುತ್ತ ಇರುವಾಗ ಒಂದು ಪಾಲು ಆವಿಯಾಗಿ ಗಾಳಿಗೆ ಹೋಗುತ್ತದೆ. ಇದಕ್ಕೆ ಸ್ಕಾಟ್ಲೆಂಡಿನವರು ಇಟ್ಟ ಹೆಸರು ‘ದೇವತೆಗಳ ಪಾಲು’. ಅಲ್ಲಿನ ಚಳಿಯಲ್ಲಿ ದೇವತೆಗಳು ವರ್ಷಕ್ಕೆ ಶೇಕಡಾ 2ರಷ್ಟು ಕುಡಿದು ಸುಮ್ಮನಾಗುತ್ತಾರೆ. ಬೆಂಗಳೂರಿನಲ್ಲಿ ಅವರ ಪಾಲು ಶೇಕಡಾ 10ನ್ನೂ ದಾಟುತ್ತದೆ. ಒಣಗಾಳಿಯಲ್ಲಿ ಮದ್ಯಸಾರಕ್ಕಿಂತ ನೀರೇ ಬೇಗ ಆರುತ್ತದೆ. ತೇವದ ಗಾಳಿಯಲ್ಲಿ ಇದರ ತಿರುವುಮುರುವು. ಸೆಖೆಗೆ ವಿಸ್ಕಿ ಬೇಗ ಮಾಗುತ್ತದೆ, ಬೇಗ ಖಾಲಿಯೂ ಆಗುತ್ತದೆ. ಇಲ್ಲಿ ಹನ್ನೆರಡು, ಹದಿನೆಂಟು ವರ್ಷ ಕಾಯುತ್ತ ಕುಳಿತರೆ ಪೀಪಾಯಿಯಲ್ಲಿ ತಳ ಕಾಣುತ್ತದೆ. ಹಾಗಾಗಿಯೇ ಭಾರತದ ಸಿಂಗಲ್ ಮಾಲ್ಟುಗಳ ಚೀಟಿಯ ಮೇಲೆ ಸಾಮಾನ್ಯವಾಗಿ ವಯಸ್ಸು ಇರುವುದಿಲ್ಲ. ಅಮೃತ್‌ನವರು 2013ರಲ್ಲಿ ಎಂಟು ವರ್ಷದ ಒಂದು ವಿಸ್ಕಿ ಹೊರತಂದಾಗ ಅದಕ್ಕೆ ‘ಗ್ರೀಡಿ ಏಂಜೆಲ್ಸ್’, ಅಂದರೆ ಆಸೆಬುರುಕ ದೇವತೆಗಳು, ಎಂದೇ ಹೆಸರಿಟ್ಟರು. ವಯಸ್ಸು ನೋಡಿ ಬಾಟಲಿಗೆ ಮರ್ಯಾದೆ ಕೊಡುವವರು ಇದನ್ನು ನೆನಪಿಡುವುದು ಒಳ್ಳೆಯದು. ಕರಾವಳಿಯ ಬಿಸಿಲಿಗೆ ಮಾವೂ ಬೇಗ ಹಣ್ಣಾಗುತ್ತದಲ್ಲವೇ?

ಇಷ್ಟೆಲ್ಲ ಸೊಗಸು ಹೇಳಿ ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತೆ. ಅದೇ ಅಂಕೋಲಾ ತಾಲೂಕಿನಲ್ಲಿ ಬಡಗೇರಿ ಎಂಬ ಊರಿದೆ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವೆನಿಸಿದ್ದ ಸುಕ್ರಿ ಬೊಮ್ಮಗೌಡರ ಊರು ಅದು. 2017ರಲ್ಲಿ ಪದ್ಮಶ್ರೀ ಪಡೆದ, 2025ರ ಫೆಬ್ರವರಿಯಲ್ಲಿ ತೀರಿಕೊಂಡ ಸುಕ್ರಜ್ಜಿ ಹಾಡಿಗೆ ಎಷ್ಟು ಹೆಸರಾಗಿದ್ದರೋ ಸಾರಾಯಿ ವಿರುದ್ಧದ ಹೋರಾಟಕ್ಕೂ ಅಷ್ಟೇ ಹೆಸರಾಗಿದ್ದರು. ಕುಡಿತದ ಪೆಟ್ಟನ್ನು ತನ್ನ ಮನೆಯೊಳಗೇ ಕಂಡ ಹೆಂಗಸು ಆಕೆ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಪ್ಯಾಕೆಟ್ ಹೋಯಿತು, ಕುಡಿತ ಹೋಗಲಿಲ್ಲ. ಪರವಾನಗಿಯಿಲ್ಲದೆ ಗೋವಾದ ಅಗ್ಗದ ಬಾಟಲಿ ಸಾಗಿಸುವವರನ್ನು ಹಿಡಿಯುವ ಕೆಲಸ ಮಾಜಾಳಿಯ ತನಿಖಾ ಠಾಣೆಗೆ ಇನ್ನೂ ತಪ್ಪಿಲ್ಲ.

ಸುಕ್ರಜ್ಜಿಯಂಥವರ ಎದುರು ಕಾರವಾರದ ಹವ್ಯಾಸಿ ತನ್ನ ನೋಟುಪುಸ್ತಕ ತೆರೆದು ಏನು ಹೇಳಬಲ್ಲ? ‘ಇದು ಕುಡಿತವಲ್ಲ ಅಜ್ಜಿ, ಆಸ್ವಾದನೆ’ ಎಂದರೆ ಆಕೆ ನಕ್ಕಾಳು. ದುಡ್ಡಿದ್ದವನು ಕುಡಿದರೆ ಆಸ್ವಾದನೆ, ಕೂಲಿಯವನು ಕುಡಿದರೆ ಚಟವೇ ಎಂದು ಕೇಳಿಯಾಳು. ಪ್ರಶ್ನೆ ನ್ಯಾಯವಾದದ್ದೇ. ಒಂದು ಸಿಂಗಲ್ ಮಾಲ್ಟ್ ಬಾಟಲಿಯ ಬೆಲೆಗೆ ಎಷ್ಟೋ ಮನೆಗಳಲ್ಲಿ ತಿಂಗಳ ಅಕ್ಕಿ ಬರುತ್ತದೆ. ಯಕೃತ್ತಿಗೂ ಬಾಟಲಿಯ ಚೀಟಿ ಓದಲು ಬರುವುದಿಲ್ಲ. ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹನ್ನೆರಡು ವರ್ಷದ ವಿಸ್ಕಿಗೂ ಅದರಿಂದ ವಿನಾಯಿತಿಯಿಲ್ಲ.

ಹಾಗಾದರೆ ಹವ್ಯಾಸಿಗೆ ಉಳಿದ ಸಮರ್ಥನೆ ಯಾವುದು? ಬಹುಶಃ ಒಂದೇ: ನಿಲ್ಲಿಸುವುದು. ಕರಿ ಇಶಾಡ, ಬಿಳಿ ಇಶಾಡಗಳ ಅಂತರ ತಿಳಿಯಲು ಬುಟ್ಟಿ ಖಾಲಿ ಮಾಡಬೇಕಿಲ್ಲ, ಒಂದೊಂದು ಹೋಳು ಸಾಕು. ಮೂರು ಗ್ಲಾಸು ಸೇರಿ 45 ಮಿಲಿಲೀಟರ್, ಅಂದರೆ ಒಂದೂವರೆ ಸಣ್ಣ ಪೆಗ್. ಅಲ್ಲಿಗೆ ಮೂಗು ದಣಿಯುತ್ತದೆ, ನಾಲಿಗೆ ಸುಳ್ಳು ಹೇಳತೊಡಗುತ್ತದೆ. ನಾಲ್ಕನೆಯ ಗ್ಲಾಸಿನ ಬಗ್ಗೆ ಬರೆದ ಟಿಪ್ಪಣಿಯನ್ನು ಮರುದಿನ ಓದಿದರೆ ಬರೆದವನಿಗೇ ಅರ್ಥವಾಗುವುದಿಲ್ಲ. ರುಚಿ ನೋಡುವವನಿಗೂ ಕುಡಿಯುವವನಿಗೂ ಇರುವ ಗೆರೆ ಬಾಟಲಿಯ ಬೆಲೆಯಲ್ಲಿಲ್ಲ. ಬಾಟಲಿಯಲ್ಲಿ ಇನ್ನೂ ಇರುವಾಗಲೇ ಮುಚ್ಚಳ ಹಾಕುವ ಕೈಯಲ್ಲಿದೆ. ಆ ಕೈ ನಡುಗಿದ ದಿನ ನೋಟುಪುಸ್ತಕವನ್ನೂ ಬಾಟಲಿಯನ್ನೂ ಒಟ್ಟಿಗೇ ಬಿಡುವುದು ಲೇಸು.

ಭಟ್ಟಿಮನೆಗಳಲ್ಲಿ ನೂರಾರು ಪೀಪಾಯಿಗಳನ್ನು ಪರೀಕ್ಷಿಸುವ ನಿಪುಣರು ಕೂಡ ಬಹುಪಾಲು ಕೆಲಸವನ್ನು ಮೂಗಿನಲ್ಲೇ ಮುಗಿಸುತ್ತಾರೆ. ವಿಸ್ಕಿಗೆ ಅಷ್ಟೇ ನೀರು ಬೆರೆಸಿ, ಮೂಸಿ, ಬರೆದು, ಮುಂದಿನ ಗ್ಲಾಸಿಗೆ ಹೋಗುತ್ತಾರೆ. ಕುಡಿಯುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಕೆಲಸ ಹೋದೀತು!

ಭಾನುವಾರ ಬೆಳಿಗ್ಗೆ ಕಾರವಾರದ ಮನೆಯಲ್ಲಿ ಮೂರು ಗ್ಲಾಸುಗಳೂ ಮೇಜಿನ ಮೇಲೆ ಹಾಗೇ ಇವೆ. ಮದ್ಯಸಾರ ರಾತ್ರಿಯೇ ಹಾರಿಹೋಗಿ, ಒಣಗಿದ ಗಾಜಿನಲ್ಲಿ ವಾಸನೆ ಮಾತ್ರ ಉಳಿದಿದೆ. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನೆಯಾಕೆ ಗೊಣಗುತ್ತಲೇ ಅವನ್ನು ತೊಳೆಯಲು ಎತ್ತಿಕೊಂಡವಳು ಮೂರನೆಯದನ್ನು ಮೂಗಿನ ಹತ್ತಿರ ಹಿಡಿದು ಒಂದು ಕ್ಷಣ ನಿಲ್ಲುತ್ತಾಳೆ.

‘ಇದೆಂತದು, ಅಟ್ಟದ ಮೇಲಿಟ್ಟ ಮುರುಗಲ ಸಿಪ್ಪೆ ಹೊಗೆ ಹಿಡಿದ ಹಾಗೆ?’

ಹವ್ಯಾಸಿ ಎದ್ದು ನೋಟುಪುಸ್ತಕ ಹುಡುಕುತ್ತಾನೆ. ರಾತ್ರಿಯೆಲ್ಲ ಕುಳಿತು ಇಬ್ಬರು ಗಂಡಸರಿಗೆ ಸಿಗದ ಮಾತು ಅದು.